ದಪ್ಪವೋ ತೆಳುವೋ: ನಿಮ್ಮ ಗಾಡಿಯ ಎಂಜಿನ್ನಿಗೆ ಯಾವ ಗ್ರೇಡಿನ ಆಯಿಲ್

ಏಪ್ರಿಲ್ ತಿಂಗಳು ಬಂತೆಂದರೆ ಹುಬ್ಬಳ್ಳಿಯ ಬಿಡಿಭಾಗಗಳ ಅಂಗಡಿಯಲ್ಲಿ ಒಂದೇ ಮಾತನ್ನು ದಿನಕ್ಕೆ ಹತ್ತು ಸಲ ಕೇಳುತ್ತೇನೆ: "ಬಿಸಲ ಭಾಳ ಆಗೇದರಿ, ಈ ಸಲ ಸ್ವಲ್ಪ ದಪ್ಪಂದು ಆಯಿಲ್ ಕೊಡ್ರಿ." ಕೇಳುವವರಲ್ಲಿ ಹೊಸ ಕಾರು ಕೊಂಡು ಆರು ತಿಂಗಳಾಗದವರಿದ್ದಾರೆ, ಹದಿನೈದು ವರ್ಷದ ಬೈಕನ್ನು ಮಗುವಿನಂತೆ ನೋಡಿಕೊಂಡವರಿದ್ದಾರೆ, ಅಣ್ಣಿಗೇರಿ ಕಡೆಯಿಂದ ಟ್ರ್ಯಾಕ್ಟರಿಗೆ ಆಯಿಲ್ ಒಯ್ಯಲು ಬಂದ ರೈತರೂ ಇದ್ದಾರೆ. ಮೂವರ ಕಾಳಜಿಯೂ ನಿಜವಾದದ್ದು. ಆದರೆ ಒಂದೇ ಬಿಸಿಲಿನಲ್ಲಿ ನಿಂತ ಈ ಮೂರು ಗಾಡಿಗಳಿಗೆ ಬೇಕಾದ ಆಯಿಲ್ ಮೂರು ಬೇರೆ ಬೇರೆ ಬಗೆಯದು, ಮತ್ತು ಮೂರರಲ್ಲಿ ಒಂದಕ್ಕಂತೂ ದಪ್ಪ ಆಯಿಲ್ ಹಾಕಿದರೆ ಲಾಭಕ್ಕಿಂತ ಹಾನಿಯೇ ಹೆಚ್ಚು.

ಕೌಂಟರಿನ ಈಚೆ ನಿಂತು ಇಷ್ಟು ವರ್ಷ ನೋಡಿದ ಮೇಲೆ ನನಗೆ ಖಚಿತವಾಗಿರುವುದು ಇಷ್ಟು: ಎಂಜಿನ್ ಆಯಿಲ್‌ನ ದಪ್ಪವನ್ನು ನಿರ್ಧರಿಸುವುದು ಮೊದಲು ಆ ಎಂಜಿನ್ನಿನ ರಚನೆ, ಆಮೇಲೆ ಅದು ಮಾಡುವ ಕೆಲಸ, ಊರಿನ ಬಿಸಿಲಿಗೆ ಸಲ್ಲಬೇಕಾದ ಸ್ಥಾನ ಮೂರನೆಯದು. ನಾವು ಈ ಕ್ರಮವನ್ನು ತಲೆಕೆಳಗು ಮಾಡಿಕೊಂಡಿರುವುದರಿಂದಲೇ ಆಯ್ಕೆ ತಪ್ಪುತ್ತಿದೆ.

ಡಬ್ಬಿಯ ಮೇಲಿನ ಎರಡು ಅಂಕಿಗಳು

20ಡಬ್ಲ್ಯು-50 ಎಂದು ಬರೆದಿದ್ದರೆ ಆ ಆಯಿಲ್ 20 ಡಿಗ್ರಿಯಿಂದ 50 ಡಿಗ್ರಿ ಉಷ್ಣತೆಯವರೆಗೆ ನಡೆಯುತ್ತದೆ ಎಂಬುದು ನಮ್ಮ ಭಾಗದಲ್ಲಿ ಬಲವಾಗಿ ಬೇರೂರಿದ ತಿಳಿವಳಿಕೆ. ಹತ್ತಾರು ವರ್ಷ ಪಾನಾ ಹಿಡಿದ ಮೇಸ್ತ್ರಿಗಳೂ ಹೀಗೆ ಹೇಳಿದ್ದನ್ನು ಕೇಳಿದ್ದೇನೆ. ಅದು ಸರಿಯಲ್ಲ. ಈ ಅಂಕಿಗಳು ಉಷ್ಣತೆಯನ್ನು ಸೂಚಿಸುವುದೇ ಇಲ್ಲ. ಅಮೆರಿಕದ ಎಸ್‌ಎಇ ಎಂಬ ವಾಹನ ಎಂಜಿನಿಯರರ ಸಂಸ್ಥೆ 1911ರಷ್ಟು ಹಿಂದೆಯೇ ಆಯಿಲ್‌ಗಳನ್ನು ಅವುಗಳ ಸ್ನಿಗ್ಧತೆಗೆ ಅನುಗುಣವಾಗಿ ವರ್ಗೀಕರಿಸಲು ಆರಂಭಿಸಿತು. ಈ ಅಂಕಿಗಳು ಆ ವರ್ಗಗಳ ಹೆಸರುಗಳು ಮಾತ್ರ. ಸ್ನಿಗ್ಧತೆ ಎಂದರೆ ದ್ರವವೊಂದು ತನ್ನ ಹರಿವಿಗೆ ತಾನೇ ಒಡ್ಡುವ ತಡೆ. ಶೇಂಗಾ ಎಣ್ಣೆಯನ್ನು ಬಗ್ಗಿಸಿದರೆ ಧಾರೆಯಾಗಿ ಇಳಿಯುತ್ತದೆ, ಕಾಕವಿಯನ್ನು ಬಗ್ಗಿಸಿದರೆ ನಿಧಾನವಾಗಿ ಮಡಚಿಕೊಳ್ಳುತ್ತ ಬೀಳುತ್ತದೆ. ಆ ವ್ಯತ್ಯಾಸವೇ ಸ್ನಿಗ್ಧತೆ. ಅದೇ ಕಾಕವಿಯನ್ನು ಬಿಸಿ ಮಾಡಿದರೆ ಎಣ್ಣೆಯಂತೆ ಹರಿಯುವುದನ್ನೂ ಎಲ್ಲರೂ ಕಂಡಿದ್ದೇವೆ, ಎಂಜಿನ್ ಆಯಿಲ್‌ನ ಕಥೆಯೂ ಅದೇ.

ಎರಡನೆಯ ಅಂಕಿಯಿಂದ ಆರಂಭಿಸೋಣ, ಏಕೆಂದರೆ ನಮಗೆ ಹೆಚ್ಚು ಮುಖ್ಯವಾದದ್ದು ಅದೇ. ಆಯಿಲ್ 100 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿಯಾದಾಗ ಎಷ್ಟು ದಪ್ಪ ಉಳಿದಿರುತ್ತದೆ ಎಂಬುದನ್ನು ಅದು ತಿಳಿಸುತ್ತದೆ. ಆ ಉಷ್ಣತೆಯಲ್ಲಿ 20ರ ಗ್ರೇಡಿನ ಸ್ನಿಗ್ಧತೆ 6.9ರಿಂದ 9.3 ಸೆಂಟಿಸ್ಟೋಕ್ (ಸ್ನಿಗ್ಧತೆಯ ಅಳತೆ) ಒಳಗಿರಬೇಕು. 30ರ ಗ್ರೇಡಿನದು 9.3ರಿಂದ 12.5, 40ರದು 12.5ರಿಂದ 16.3, 50ರದು 16.3ರಿಂದ 21.9. ಮೊದಲನೆಯ ಅಂಕಿ ಮತ್ತು ಅದರ ಪಕ್ಕದ ಡಬ್ಲ್ಯು ಅಕ್ಷರ ಚಳಿಗೆ ಸಂಬಂಧಿಸಿದ್ದು. ಡಬ್ಲ್ಯು ಎಂದರೆ ವಿಂಟರ್, ಅಂದರೆ ಚಳಿಗಾಲ. 5ಡಬ್ಲ್ಯು ಆಯಿಲ್ ಅನ್ನು ಶೂನ್ಯಕ್ಕಿಂತ 30 ಡಿಗ್ರಿ ಕೆಳಗೆ, 10ಡಬ್ಲ್ಯುವನ್ನು 25 ಡಿಗ್ರಿ ಕೆಳಗೆ, 20ಡಬ್ಲ್ಯುವನ್ನು 15 ಡಿಗ್ರಿ ಕೆಳಗೆ ತಂಪಾಗಿಸಿ, ಎಂಜಿನ್ ತಿರುಗಿಸಲು ಅದು ಎಷ್ಟು ಅಡ್ಡಿ ಮಾಡುತ್ತದೆ ಎಂದು ಅಳೆಯುತ್ತಾರೆ.

ಹಾಗಾದರೆ ಧಾರವಾಡದ ಡಿಸೆಂಬರ್ ಬೆಳಗು 12–15 ಡಿಗ್ರಿಗಿಂತ ಕೆಳಗೆ ಇಳಿಯುವುದೇ ಅಪರೂಪವಾಗಿರುವಾಗ ಮೊದಲನೆಯ ಅಂಕಿ ನಮಗೇಕೆ ಎಂಬ ಪ್ರಶ್ನೆ ಬರುವುದು ಸಹಜ. ಎಂಜಿನ್ ತಿರುಗದೆ ನಿಲ್ಲುವ ಭಯ ನಮಗಿಲ್ಲ, ನಿಜ. ಆದರೆ ಅಂಗಡಿಯಲ್ಲಿ ಚಳಿಗಾಲದ ಬೆಳಗ್ಗೆ 5ಡಬ್ಲ್ಯು-30 ಮತ್ತು 20ಡಬ್ಲ್ಯು-50ರ ಎರಡು ಡಬ್ಬಿಗಳನ್ನು ಒಟ್ಟಿಗೆ ಬಗ್ಗಿಸಿ ತೋರಿಸಿದರೆ ಗಿರಾಕಿಗಳು ಸುಮ್ಮನೆ ನೋಡುತ್ತ ನಿಲ್ಲುತ್ತಾರೆ. ಮೊದಲನೆಯದು ಕೊಳವೆಗೆ ನೇರವಾಗಿ ಇಳಿದು ಮುಗಿಯುವ ಹೊತ್ತಿಗೆ ಎರಡನೆಯದು ಡಬ್ಬಿಯ ಬಾಯಲ್ಲಿ ದಪ್ಪ ನಾಲಗೆಯಂತೆ ಚಾಚಿಕೊಂಡು, ಅರ್ಧದಲ್ಲಿಯೇ ಗಾಳಿ ಎಳೆದುಕೊಂಡು ಗುಳಕ್ ಎನ್ನುತ್ತಿರುತ್ತದೆ. ಪೂರ್ತಿ ಬಿಸಿಯಾದ ಎಂಜಿನ್ನಿನಲ್ಲಿ ಈ ಎರಡು ಆಯಿಲ್‌ಗಳ ದಪ್ಪದ ಅಂತರ ಎರಡು ಪಟ್ಟಿಗಿಂತಲೂ ಕಡಿಮೆ. 15 ಡಿಗ್ರಿಯ ಬೆಳಗಿನಲ್ಲಿ ಅದೇ ಅಂತರ ಮೂರು-ನಾಲ್ಕು ಪಟ್ಟಾಗಿರುತ್ತದೆ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಆಯಿಲ್ ಪೂರ್ತಿಯಾಗಿ ಎಂಜಿನ್ನಿನ ತಳದ ಚೇಂಬರಿಗೆ ಇಳಿದಿರುತ್ತದೆ. ಸ್ಟಾರ್ಟ್ ಮಾಡಿದ ಮೇಲೆ ಪಂಪು ಅದನ್ನು ಮೇಲೆ ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟಿನವರೆಗೆ ಏರಿಸುವ ತನಕ ಲೋಹವು ಹಿಂದಿನ ದಿನದ ತೆಳು ಪಸೆಯ ಮೇಲೆಯೇ ಉಜ್ಜಬೇಕು. ಮೊದಲ ಅಂಕಿ ಸಣ್ಣದಿದ್ದಷ್ಟೂ ಈ ಕಾಯುವಿಕೆ ಕಡಿಮೆ.

ಹೊರಗಿನ ಬಿಸಿಲು, ಒಳಗಿನ ಬಿಸಿ

ನಮ್ಮ ಬಿಸಿಲಿಗೆ ದಪ್ಪ ಆಯಿಲ್ಲೇ ಬೇಕು ಎಂಬ ವಾದವನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ಪರಿಶೀಲಿಸಬೇಕು, ಏಕೆಂದರೆ ಅದರಲ್ಲಿ ಅರ್ಧ ನಿಜವಿದೆ. ಕಾರು, ಲಾರಿ, ಹೆಚ್ಚಿನ ಟ್ರ್ಯಾಕ್ಟರುಗಳ ಎಂಜಿನ್ನನ್ನು ತಂಪಾಗಿಡುವುದು ರೇಡಿಯೇಟರಿನ ನೀರು. ಆ ನೀರಿನ ದಾರಿಯಲ್ಲಿ ಥರ್ಮೋಸ್ಟ್ಯಾಟ್ ಎಂಬ ಸಣ್ಣ ಬಾಗಿಲೊಂದಿದ್ದು, ನೀರು ಸುಮಾರು 80–90 ಡಿಗ್ರಿ ಮುಟ್ಟುವವರೆಗೆ ರೇಡಿಯೇಟರಿಗೆ ಹೋಗಲು ಬಿಡುವುದಿಲ್ಲ, ಮುಟ್ಟಿದ ಮೇಲೆ ತೆರೆದುಕೊಂಡು ಅದಕ್ಕಿಂತ ಬಹಳ ಮೇಲೇರಲೂ ಬಿಡುವುದಿಲ್ಲ. ಹೀಗಾಗಿ ಹೊರಗೆ ಗದಗಿನ ಮೇ ತಿಂಗಳ 39 ಡಿಗ್ರಿ ಇರಲಿ, ಜನವರಿಯ 15 ಡಿಗ್ರಿ ಇರಲಿ, ಹೆದ್ದಾರಿಯಲ್ಲಿ ಓಡುವ ಕಾರಿನ ಆಯಿಲ್ ಬಹುಪಾಲು 90ರಿಂದ 110 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಜಪಾನಿನಲ್ಲೋ ಜರ್ಮನಿಯಲ್ಲೋ ಅದೇ ಎಂಜಿನ್ ಓಡುವಾಗಲೂ ಒಳಗಿನ ಬಿಸಿ ಹೆಚ್ಚುಕಡಿಮೆ ಇಷ್ಟೇ. ಆದ್ದರಿಂದ "ಆ ಆಯಿಲ್ ತಂಪು ದೇಶದ್ದರೀ" ಎಂಬ ಮಾತು ನೀರಿನಿಂದ ತಂಪಾಗುವ ಎಂಜಿನ್ನಿಗೆ ಹೊಂದುವುದಿಲ್ಲ.

ಗಾಳಿಯಿಂದ ತಂಪಾಗುವ ಎಂಜಿನ್ನಿನ ಮಾತು ಬೇರೆ. ನಮ್ಮ ಹೆಚ್ಚಿನ ಬೈಕುಗಳು, ಸ್ಕೂಟರುಗಳು, ಆಟೊ ಮತ್ತು ಟಂಟಂಗಳಲ್ಲಿ ಥರ್ಮೋಸ್ಟ್ಯಾಟ್ ಇರುವುದಿಲ್ಲ; ಸಿಲಿಂಡರಿನ ಮೇಲಿನ ಲೋಹದ ಪಟ್ಟಿಗಳಿಗೆ ಗಾಳಿ ಬಡಿದಷ್ಟೇ ತಂಪು. ಹಳೇ ಬಸ್ ನಿಲ್ದಾಣದ ಸುತ್ತ ಮಧ್ಯಾಹ್ನ ಒಂದು ಗಂಟೆಗೆ, ಮೂವರು ಪ್ರಯಾಣಿಕರನ್ನು ಹೊತ್ತು ಮೊದಲ ಗೇರಿನಲ್ಲಿ ತೆವಳುವ ಆಟೊದಲ್ಲಿ ಗಾಳಿ ಬಡಿಯುವುದೂ ಇಲ್ಲ, ಬಡಿದ ಗಾಳಿ ತಂಪೂ ಅಲ್ಲ. ಇಂತಹ ಎಂಜಿನ್ನುಗಳಿಗೆ ಹೊರಗಿನ ಉಷ್ಣತೆ ನೇರವಾಗಿ ಆಯಿಲ್‌ಗೆ ತಟ್ಟುತ್ತದೆ. ತಯಾರಕರು ಆಟೊಗಳಿಗೂ ಹಳೆಯ ತಲೆಮಾರಿನ ಹಲವು ಬೈಕುಗಳಿಗೂ 20ಡಬ್ಲ್ಯು-40 ಅಥವಾ 20ಡಬ್ಲ್ಯು-50 ಹೇಳುತ್ತ ಬಂದಿರುವುದಕ್ಕೆ ಇದೂ ಒಂದು ಕಾರಣ. ದಪ್ಪ ಆಯಿಲ್‌ನ ಮೇಲೆ ನಮ್ಮ ಹಿರಿಯರಿಗೆ ಇದ್ದ ನಂಬಿಕೆ ಇಂತಹ ಗಾಡಿಗಳನ್ನು ನಡೆಸಿದ ಅನುಭವದಿಂದ ಬಂದದ್ದು. ಆ ಅನುಭವ ಸುಳ್ಳಲ್ಲ, ಅದನ್ನು ಎಲ್ಲ ಎಂಜಿನ್ನುಗಳಿಗೂ ಹಚ್ಚುವುದು ತಪ್ಪು.

ದಪ್ಪದಿಂದ ಏನು ಸಿಗುತ್ತದೆ, ಏನು ಹೋಗುತ್ತದೆ

ಬೇರಿಂಗಿನೊಳಗೆ ತಿರುಗುವ ಶಾಫ್ಟು ಆಯಿಲ್ ಅನ್ನು ತನ್ನ ಜೊತೆ ಎಳೆದುಕೊಂಡು, ಕೆಲವೇ ಮೈಕ್ರಾನ್ ದಪ್ಪದ ಒಂದು ಪದರದ ಮೇಲೆ ತೇಲುತ್ತದೆ. ನಮ್ಮ ತಲೆಗೂದಲಿಗಿಂತ ಎಷ್ಟೋ ತೆಳುವಾದ ಆ ಪದರವೇ ಲೋಹಕ್ಕೆ ಲೋಹ ತಾಗದಂತೆ ತಡೆಯುವುದು. ಶಾಫ್ಟು ಜೋರಾಗಿ ತಿರುಗಿದರೆ ಪದರ ದಪ್ಪವಾಗುತ್ತದೆ, ಭಾರ ಹೆಚ್ಚಿದರೆ ತೆಳುವಾಗುತ್ತದೆ, ಆಯಿಲ್ ದಪ್ಪವಿದ್ದರೆ ದಪ್ಪವಾಗುತ್ತದೆ. ಹೀಗಾಗಿ ನಿಧಾನವಾಗಿ ತಿರುಗುತ್ತ ಭಾರ ಎಳೆಯುವ ಟ್ರ್ಯಾಕ್ಟರಿಗೆ ದಪ್ಪ ಆಯಿಲ್ ಬೇಕಾಗುವುದೂ, ಹಗುರವಾಗಿ ಹೆಚ್ಚು ವೇಗದಲ್ಲಿ ತಿರುಗುವ ಸಣ್ಣ ಪೆಟ್ರೋಲ್ ಕಾರಿಗೆ ತೆಳು ಆಯಿಲ್ ಸಾಕಾಗುವುದೂ ಒಂದೇ ನಿಯಮದ ಎರಡು ಮುಖಗಳು.

ಅಗತ್ಯಕ್ಕಿಂತ ದಪ್ಪ ಹಾಕಿದರೆ ನಷ್ಟವೇನು? ಪಂಪಿಗೆ ಹೊರೆ ಹೆಚ್ಚಿ ಮೈಲೇಜು ನೂರಕ್ಕೆ ಒಂದೆರಡು ಪಾಲು ಇಳಿಯುವುದು ಸಣ್ಣ ನಷ್ಟ. ದೊಡ್ಡದು ಬೇರೆ ಇದೆ. ತಣ್ಣಗಿರುವ ದಪ್ಪ ಆಯಿಲ್‌ನಿಂದ ಒತ್ತಡ ಮಿತಿ ಮೀರಿದಾಗ ಪಂಪಿನ ರಿಲೀಫ್ ವಾಲ್ವ್ ತೆರೆದುಕೊಂಡು ಆಯಿಲ್‌ನ ಒಂದು ಭಾಗವನ್ನು ಮರಳಿ ಚೇಂಬರಿಗೇ ಬಿಡುತ್ತದೆ. ಫಿಲ್ಟರಿನ ಬೈಪಾಸೂ ತೆರೆದುಕೊಂಡರೆ ಸೋಸದ ಆಯಿಲ್ ಬೇರಿಂಗಿಗೆ ಹೋಗುತ್ತದೆ. ಮೀಟರಿನಲ್ಲಿ ಒತ್ತಡ ಚೆನ್ನಾಗಿ ಕಾಣುತ್ತಿರುತ್ತದೆ, ಆದರೆ ಒತ್ತಡ ಹೆಚ್ಚಿದೆ ಎಂದ ಮಾತ್ರಕ್ಕೆ ಹರಿವು ಹೆಚ್ಚಿದೆ ಎಂದಲ್ಲ. ಈಚಿನ ಕಾರುಗಳಲ್ಲಿ ಸಿಲಿಂಡರಿನ ವಾಲ್ವ್ ತೆರೆಯುವ ಹೊತ್ತನ್ನು ಬದಲಿಸುವ ಸಾಧನವೂ ಆಯಿಲ್‌ನ ಒತ್ತಡದಿಂದಲೇ ಕೆಲಸ ಮಾಡುವುದರಿಂದ ದಪ್ಪ ಆಯಿಲ್‌ನಲ್ಲಿ ಅದು ತಡವಾಗಿ ಸ್ಪಂದಿಸುತ್ತದೆ.

ಅಗತ್ಯಕ್ಕಿಂತ ತೆಳು ಹಾಕಿದಾಗ ಆಗುವ ಹಾನಿಯನ್ನು ಹೆಚ್ಚು ವಿವರಿಸಬೇಕಿಲ್ಲ: ಪದರ ಹರಿದು ಬೇರಿಂಗು ಸವೆಯುತ್ತದೆ, ಬಿಸಿಯಾದ ಎಂಜಿನ್ ನಿಂತಲ್ಲೇ ತಿರುಗುವಾಗ ಒತ್ತಡ ಬೀಳುತ್ತದೆ, ವಾಲ್ವ್ ತಳ್ಳುವ ಟ್ಯಾಪೆಟ್ಟಿನ ಸದ್ದು ಏಳುತ್ತದೆ. 150 ಡಿಗ್ರಿಯಲ್ಲಿ ಜೋರಾಗಿ ತಿರುಗುವ ಭಾಗಗಳ ನಡುವೆ ಸಿಕ್ಕಿ ಅರೆಯುವಾಗಲೂ ಆಯಿಲ್ ಉಳಿಸಿಕೊಳ್ಳಬೇಕಾದ ಕನಿಷ್ಠ ದಪ್ಪವನ್ನೂ ಎಸ್‌ಎಇ ಗೊತ್ತುಪಡಿಸಿದೆ. 20ರ ಗ್ರೇಡಿಗೆ ಅದು 2.6, 30ಕ್ಕೆ 2.9, ಆದರೆ 15ಡಬ್ಲ್ಯು-40ಕ್ಕೆ 3.7 ಮಿಲಿಪಾಸ್ಕಲ್ ಸೆಕೆಂಡ್ (ಇದೂ ಸ್ನಿಗ್ಧತೆಯ ಇನ್ನೊಂದು ಅಳತೆ). ಭಾರದ ಡೀಸೆಲ್ ಎಂಜಿನ್ನಿಗೆ ಕಾರಿನ ತೆಳು ಆಯಿಲ್ ಏಕೆ ಹಾಕಬಾರದು ಎಂಬುದಕ್ಕೆ ಈ ಅಂಕಿಗಳೇ ಉತ್ತರ.

ಬೈಕು ಮತ್ತು ಸ್ಕೂಟರು

ದ್ವಿಚಕ್ರ ವಾಹನಗಳ ವಿಷಯದಲ್ಲಿ ದಪ್ಪದಷ್ಟೇ ಮುಖ್ಯವಾದ ಇನ್ನೊಂದು ಸಂಗತಿಯನ್ನು ನಾನು ನಷ್ಟಪಟ್ಟು ಕಲಿತೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನ 100 ಸಿಸಿ ಬೈಕಿಗೆ ಒಂದು ಗ್ಯಾರೇಜಿನಲ್ಲಿ, ಕಾರಿನದು ಇನ್ನೂ ಒಳ್ಳೆಯದೆಂದು ಹೇಳಿ, ಕಾರಿನ 10ಡಬ್ಲ್ಯು-30 ಆಯಿಲ್ ಹಾಕಿಕೊಟ್ಟರು. ಅಂಕಿ ಸರಿಯಾಗಿಯೇ ಇತ್ತು. ವಾರದೊಳಗೆ ನೃಪತುಂಗ ಬೆಟ್ಟದ ಏರಿನಲ್ಲಿ, ತಮ್ಮನನ್ನು ಹಿಂದೆ ಕೂರಿಸಿಕೊಂಡು ಹೋಗುವಾಗ, ಎಕ್ಸಲರೇಟರ್ ತಿರುವಿದಷ್ಟೂ ಎಂಜಿನ್ ಕೂಗುತ್ತಿತ್ತೇ ಹೊರತು ಗಾಡಿ ಮುಂದಕ್ಕೆ ಎಳೆಯುತ್ತಿರಲಿಲ್ಲ. ಬಿಚ್ಚಿ ನೋಡಿದಾಗ ಕ್ಲಚ್ ಪ್ಲೇಟುಗಳು ಗಾಜಿನಂತೆ ನುಣುಪಾಗಿ ಕಪ್ಪೇರಿದ್ದವು, ಸುಟ್ಟ ವಾಸನೆ ಹೊಡೆಯುತ್ತಿತ್ತು. ಬೈಕಿನಲ್ಲಿ ಎಂಜಿನ್, ಗೇರು, ಕ್ಲಚ್ ಮೂರೂ ಒಂದೇ ಆಯಿಲ್‌ನಲ್ಲಿ ಮುಳುಗಿರುತ್ತವೆ. ಕಾರಿನ ಅನೇಕ ತೆಳು ಆಯಿಲ್‌ಗಳಲ್ಲಿ ಇಂಧನ ಉಳಿತಾಯಕ್ಕಾಗಿ ಘರ್ಷಣೆ ತಗ್ಗಿಸುವ ಸೇರ್ಪಡೆಗಳಿರುತ್ತವೆ. ಅವು ಕಾರಿಗೆ ವರವಾದರೂ ಘರ್ಷಣೆಯನ್ನೇ ನಂಬಿ ಬದುಕುವ ಬೈಕಿನ ಕ್ಲಚ್ಚಿಗೆ ಶಾಪ.

ಇದಕ್ಕಾಗಿ ಜಪಾನಿನ ಜಾಸೊ ಮಾನದಂಡವಿದೆ. ಗೇರಿನ ಬೈಕಿಗೆ ಡಬ್ಬಿಯ ಮೇಲೆ ಜಾಸೊ ಎಂಎ ಅಥವಾ ಎಂಎ2 ಇರಲೇಬೇಕು. ಎಂಎ2 ಎಂದರೆ ಕ್ಲಚ್ ಇನ್ನೂ ಗಟ್ಟಿಯಾಗಿ ಹಿಡಿಯುತ್ತದೆ. ಗೇರಿಲ್ಲದ ಸ್ಕೂಟರಿನ ಕ್ಲಚ್ಚು ಆಯಿಲ್‌ನಿಂದ ಹೊರಗೆ ಒಣಗಿರುವುದರಿಂದ ಅದಕ್ಕೆ ಎಂಬಿ ಗುರುತಿನ, ಘರ್ಷಣೆ ಕಡಿಮೆ ಇರುವ ಆಯಿಲ್ ಒಪ್ಪುತ್ತದೆ. ಸ್ಪ್ಲೆಂಡರಿಗೂ ಆಕ್ಟಿವಾಗೂ ಹೇಳಿರುವ ಗ್ರೇಡು 10ಡಬ್ಲ್ಯು-30 ಒಂದೇ ಆದರೂ ಡಬ್ಬಿಗಳು ಬೇರೆ ಬೇರೆಯಾಗಿರುವುದು ಇದೇ ಕಾರಣಕ್ಕೆ. ಬೈಕಿನ ಆಯಿಲ್ ಅನ್ನು ಸ್ಕೂಟರಿಗೆ ಹಾಕಿದರೆ ಮೈಲೇಜಿನಲ್ಲಿ ತುಸು ಕಡಿಮೆಯಾದೀತು, ಅಷ್ಟೇ. ಸ್ಕೂಟರಿನದನ್ನು ಬೈಕಿಗೆ ಹಾಕಬಾರದು. ಮನೆಯಲ್ಲಿ ಎರಡೂ ಗಾಡಿ ಇದ್ದವರು ಉಳಿದ ಆಯಿಲ್ ಹಾಳಾಗಬಾರದೆಂದು ಅದಲುಬದಲು ಮಾಡುವುದನ್ನು ಬಹಳ ಕಂಡಿದ್ದೇನೆ, ಅವರಿಗಾಗಿಯೇ ಇದನ್ನು ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಇನ್ನು ದಪ್ಪದ ಮಾತು. 100–125 ಸಿಸಿಯ ಬೈಕಿಗೆ 10ಡಬ್ಲ್ಯು-30 ಎಂದು ಗಾಡಿಯ ಜೊತೆ ಕಂಪನಿ ಕೊಡುವ ಪುಸ್ತಕ ಹೇಳಿದ್ದರೆ ಬೇಸಿಗೆಯಲ್ಲಿಯೂ ಅದನ್ನೇ ಹಾಕಿ. ಈ ಎಂಜಿನ್ನುಗಳಲ್ಲಿ ಹಿಡಿಸುವುದೇ ಸುಮಾರು ಒಂದು ಲೀಟರ್ ಆಯಿಲ್, ಅದೇ ಗೇರಿನ ಹಲ್ಲುಗಳ ನಡುವೆಯೂ ಅರೆಯಬೇಕು. ಬಿಸಿಯಲ್ಲಿ ದಪ್ಪ ಉಳಿಸಿಕೊಳ್ಳಲು ಆಯಿಲ್‌ಗೆ ಬೆರೆಸುವ ಉದ್ದನೆಯ ಪಾಲಿಮರ್ ಅಣುಗಳು ಆ ಹಲ್ಲುಗಳಿಗೆ ಸಿಕ್ಕಿ ತುಂಡಾಗುತ್ತ, ದಿನ ಕಳೆದಂತೆ ಆಯಿಲ್ ತನ್ನ ಗ್ರೇಡಿನಿಂದಲೇ ಕೆಳಗಿಳಿಯುತ್ತದೆ. ಇದಕ್ಕೆ ಮದ್ದು ದಪ್ಪದ ಆಯಿಲ್ ಅಲ್ಲ, ಹೊತ್ತಿಗೆ ಸರಿಯಾಗಿ ಬದಲಿಸುವುದು. ಖರ್ಚು ತಡೆಯುವುದಾದರೆ ಅದೇ ಗ್ರೇಡಿನ ಸೆಮಿ ಸಿಂಥೆಟಿಕ್, ಅಂದರೆ ಸ್ವಲ್ಪ ಭಾಗ ಕೃತಕವಾಗಿ ತಯಾರಿಸಿದ ಎಣ್ಣೆ ಬೆರೆಸಿದ್ದು. ರಾಯಲ್ ಎನ್‌ಫೀಲ್ಡಿನ 350 ಸಿಸಿ ಗಾಡಿಗಳಿಗೆ ಕಂಪನಿಯೇ 15ಡಬ್ಲ್ಯು-50 ಹೇಳುತ್ತದೆ. ದೊಡ್ಡ ಸಿಲಿಂಡರ್, ಗಾಳಿಯಿಂದಲೇ ಹೆಚ್ಚಿನ ತಂಪು, ಕಡಿಮೆ ವೇಗದಲ್ಲಿ ಹೆಚ್ಚು ಎಳೆತ. ಅಲ್ಲಿ 50ರ ದಪ್ಪಕ್ಕೆ ಅರ್ಥವಿದೆ. ಪಕ್ಕದ ಮನೆಯವರ ಬುಲೆಟ್ಟಿಗೆ ಹಾಕಿದ್ದನ್ನು ನೋಡಿ ನಿಮ್ಮ 110 ಸಿಸಿ ಬೈಕಿಗೂ ಹಾಕಿಸಿದರೆ ಅದೇ ಅರ್ಥ ಉಳಿಯುವುದಿಲ್ಲ.

ಕಾರುಗಳು

ಮಾರುತಿ, ಹೋಂಡಾ ಮೊದಲಾದ ಕಂಪನಿಗಳ ಈಚಿನ ಅನೇಕ ಪೆಟ್ರೋಲ್ ಕಾರುಗಳಿಗೆ 0ಡಬ್ಲ್ಯು-20 ಎಂದಿರುತ್ತದೆ, ಕೆಲವಕ್ಕೆ ಅದಕ್ಕೂ ತೆಳುವಾದ 0ಡಬ್ಲ್ಯು-16. ಈ ಡಬ್ಬಿಯನ್ನು ಕೈಗಿಟ್ಟಾಗ "ನೀರಿನಂಗ ಐತಲ್ರೀ" ಎಂದು ಹಿಂದೆ ಸರಿದವರು ಬಹಳ. ಆ ಎಂಜಿನ್ನಿನ ಬೇರಿಂಗು, ಪಂಪು, ಆಯಿಲ್ ಹರಿಯುವ ಕಿಂಡಿಗಳನ್ನೆಲ್ಲ ಇದೇ ದಪ್ಪಕ್ಕೆ ಲೆಕ್ಕ ಹಾಕಿ ಮಾಡಿರುತ್ತಾರೆ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ದಿನವೂ ಇಪ್ಪತ್ತು ಕಿಲೋಮೀಟರ್ ಓಡಿಸುವವರ ಎಂಜಿನ್ನಿನಲ್ಲಿ ಆಯಿಲ್ ಪೂರ್ತಿ ಬಿಸಿಯಾಗುವ ಹೊತ್ತಿಗೆ ದಾರಿಯ ಒಳ್ಳೆಯ ಪಾಲು ಕಳೆದಿರುತ್ತದೆ, ಊರೊಳಗೆ ಮಕ್ಕಳನ್ನು ಶಾಲೆಗೆ ಬಿಟ್ಟು ಬರುವ ಕಾರಿನಲ್ಲಂತೂ ಅದು ಪೂರ್ತಿ ಬಿಸಿಯಾಗುವುದೇ ಇಲ್ಲ. ಇಂತಹ ಓಡಾಟದಲ್ಲಿ ತೆಳು ಆಯಿಲ್ಲೇ ಹೆಚ್ಚು ಕಾಪಾಡುತ್ತದೆ. ಹಾಗೆಂದು 5ಡಬ್ಲ್ಯು-30 ಅಥವಾ 10ಡಬ್ಲ್ಯು-30ಕ್ಕೆಂದು ಮಾಡಿದ ಹಳೆಯ ಕಾರಿಗೆ ಮೈಲೇಜಿನ ಆಸೆಯಿಂದ 0ಡಬ್ಲ್ಯು-16 ಹಾಕುವಂತಿಲ್ಲ. ತೆಳು ಆಯಿಲ್ ಹಿಂದಿನ ಎಂಜಿನ್ನುಗಳಿಗೆ ಸಲ್ಲುವುದಿಲ್ಲವೆಂದೇ ಆ ಗ್ರೇಡಿಗೆ 2020ರಲ್ಲಿ ಜಿಎಫ್-6ಬಿ ಎಂಬ ಬೇರೆ ಗುಣಮಟ್ಟದ ಮುದ್ರೆ ಕೊಟ್ಟರು.

ಗ್ರೇಡಿನ ಜೊತೆಗೆ ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯಾದ ಎಪಿಐ ಕೊಡುವ ಗುಣಮಟ್ಟದ ಅಕ್ಷರಗಳನ್ನೂ ನೋಡಬೇಕು. ಪೆಟ್ರೋಲ್ ಕಾರುಗಳಿಗೆ 2010ರ ಎಸ್‌ಎನ್, 2020ರ ಎಸ್‌ಪಿ. ಹೊಸದು ಹಳೆಯದರ ಜಾಗದಲ್ಲಿ ನಡೆಯುತ್ತದೆ. ಟರ್ಬೊ ಪೆಟ್ರೋಲ್ ಕಾರು ಇದ್ದವರು ಎಸ್‌ಪಿಯನ್ನೇ ಕೇಳಿ ಪಡೆಯಿರಿ, ಏಕೆಂದರೆ ಕಡಿಮೆ ವೇಗದಲ್ಲಿ ಜೋರಾಗಿ ಎಳೆಸಿದಾಗ ಇಂಧನ ಹೊತ್ತಿಗೆ ಮುಂಚೆಯೇ ಹೊತ್ತಿಕೊಂಡು ಪಿಸ್ಟನ್ ಒಡೆಯುವ ಅಪಾಯವನ್ನು ತಗ್ಗಿಸುವಂತೆ ಅದನ್ನು ರೂಪಿಸಿದ್ದಾರೆ.

2020ರ ಏಪ್ರಿಲ್ 1ರ ನಂತರದ, ಬಿಎಸ್6 ಎಂಬ ಹೊಗೆ ಮಾಲಿನ್ಯದ ನಿಯಮಕ್ಕೆ ಒಳಪಟ್ಟ ಡೀಸೆಲ್ ಕಾರುಗಳಲ್ಲಿ ಆಯ್ಕೆ ಇನ್ನಷ್ಟು ಕಟ್ಟುನಿಟ್ಟಾಗಬೇಕು. ಅವುಗಳ ಸೈಲೆನ್ಸರಿನ ದಾರಿಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇರುತ್ತದೆ. ಮಸಿಯನ್ನು ಅದು ಆಗಾಗ ಸುಟ್ಟು ಖಾಲಿ ಮಾಡಿಕೊಳ್ಳುತ್ತದೆ, ಆದರೆ ಆಯಿಲ್‌ನ ಸೇರ್ಪಡೆಗಳಿಂದ ಬರುವ ಬೂದಿ ಸುಡುವುದಿಲ್ಲ, ಅಲ್ಲೇ ಕೂರುತ್ತದೆ. ಬೂದಿ ಕಡಿಮೆ ಇರುವ, ಯುರೋಪಿನ ಎಸಿಇಎ ಸಿ2 ಅಥವಾ ಸಿ3 ಗುರುತಿನ ಆಯಿಲ್ ಎಂದು ಪುಸ್ತಕದಲ್ಲಿದ್ದರೆ ಅದೇ ಗುರುತು ಡಬ್ಬಿಯ ಮೇಲೂ ಇರಬೇಕು. 5ಡಬ್ಲ್ಯು-30 ಎಂಬ ಅಂಕಿಯೊಂದೇ ಹೊಂದಿದರೆ ಸಾಲದು.

ಟ್ರ್ಯಾಕ್ಟರ್, ಸರಕು ಗಾಡಿ, ಪಂಪ್‌ಸೆಟ್

ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಚೀಲ ಹೊತ್ತು ಬರುವ ಟ್ರ್ಯಾಕ್ಟರುಗಳಿಗೂ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದು ಏರುವ ಲಾರಿಗಳಿಗೂ ಕೌಂಟರಿನಲ್ಲಿ ಹೆಚ್ಚು ಕೇಳಿಬರುವ ಹೆಸರು "ಫಿಫ್ಟೀನ್ ಫಾರ್ಟಿ", ಅಂದರೆ 15ಡಬ್ಲ್ಯು-40. ಇದು ಸರಿಯಾದ ರೂಢಿ. ಯರಿ ಹೊಲದಲ್ಲಿ ರೋಟವೇಟರ್ ಹಾಕಿ ದಿನವಿಡೀ ಒಂದೇ ವೇಗದಲ್ಲಿ ಎಂಜಿನ್ ದುಡಿಸುವಾಗ ಬೇಕಾದದ್ದು ಬಿಸಿಯಲ್ಲಿ ಕಿತ್ತುಹೋಗದ ಪದರ, ಮಸಿಯನ್ನು ಗಂಟುಕಟ್ಟಲು ಬಿಡದೆ ತೇಲಿಸಿಟ್ಟುಕೊಳ್ಳುವ ಗುಣ. ಎರಡನೆಯದನ್ನು ಹೇಳುವುದು ಎಪಿಐನ ಸಿ ಸರಣಿ: ಸಿಎಚ್-4, ಸಿಐ-4, ಸಿಕೆ-4. ನಾಲ್ಕು ತಾಸಿನಲ್ಲಿ ಆಯಿಲ್ ಕಪ್ಪಾಯಿತೆಂದು ದೂರುವ ರೈತರಿಗೆ ನಾನು ಹೇಳುವುದು, ಡೀಸೆಲ್ ಎಂಜಿನ್ನಿನಲ್ಲಿ ಆಯಿಲ್ ಕಪ್ಪಾದರೆ ಅದು ತನ್ನ ಕೆಲಸ ಮಾಡುತ್ತಿದೆ ಎಂದರ್ಥ. ಬೆರಳಿನ ನಡುವೆ ತಿಕ್ಕಿದಾಗ ಮರಳಿನಂತೆ ಹತ್ತಿದರೆ ಮಾತ್ರ ಚಿಂತಿಸಬೇಕು, ಆಗಲೂ ಮೊದಲು ನೋಡಬೇಕಾದದ್ದು ಏರ್ ಫಿಲ್ಟರಿನ ಸಂದಿಯಿಂದ ಧೂಳು ನುಗ್ಗುತ್ತಿದೆಯೇ ಎಂಬುದನ್ನು. ಟ್ರ್ಯಾಕ್ಟರಿನ ಹೈಡ್ರಾಲಿಕ್ಕಿಗೆ ಪುಸ್ತಕ ಬೇರೆ ಆಯಿಲ್ ಹೇಳಿದ್ದರೆ ಎಂಜಿನ್ ಆಯಿಲ್ ಅನ್ನು ಅಲ್ಲಿ ಹಾಕಬೇಡಿ.

ಹಳೆಯ ಒಂಟಿ ಸಿಲಿಂಡರಿನ ಡೀಸೆಲ್ ಪಂಪ್‌ಸೆಟ್ಟುಗಳಿಗೆ ಒಂದೇ ಅಂಕಿಯ 30 ಅಥವಾ 40ರ ಆಯಿಲ್ ನಮ್ಮ ಹವೆಯಲ್ಲಿ ಇಂದಿಗೂ ತೊಂದರೆಯಿಲ್ಲದೆ ನಡೆಯುತ್ತದೆ.

ಪುಸ್ತಕವೇ ಎರಡು ಗ್ರೇಡು ಹೇಳಿದಾಗ

ನಿಜವಾದ ಆಯ್ಕೆಯ ಪ್ರಶ್ನೆ ಏಳುವುದು ಇಲ್ಲಿ. ಹಲವು ಗಾಡಿಗಳ ಪುಸ್ತಕದಲ್ಲಿ ಒಂದು ಚಿತ್ರವಿರುತ್ತದೆ. ಕೆಳಗೆ ಹೊರಗಿನ ಉಷ್ಣತೆಯ ಗೆರೆ, ಮೇಲೆ ಒಂದೊಂದು ಗ್ರೇಡಿಗೆ ಒಂದೊಂದು ಪಟ್ಟಿ. ನಮ್ಮ ಭಾಗದ ಹವೆಯನ್ನು, ಅಂದರೆ ಸುಮಾರು 12ರಿಂದ 40 ಡಿಗ್ರಿಯ ನಡುವನ್ನು, ಆ ಗೆರೆಯ ಮೇಲೆ ಗುರುತಿಸಿದರೆ ಸಾಮಾನ್ಯವಾಗಿ ಎರಡು ಮೂರು ಪಟ್ಟಿಗಳು ಒಪ್ಪುತ್ತವೆ. ಅವುಗಳಲ್ಲಿ ಆರಿಸುವಾಗ ನಾನು ಗಾಡಿಯ ಮಾಲೀಕರಿಗೆ ಕೇಳುವುದು ಮೂರು ಮಾತು: ದಿನಕ್ಕೆ ಎಷ್ಟು ಸಲ ತಣ್ಣಗೆ ಸ್ಟಾರ್ಟ್ ಆಗುತ್ತದೆ, ಎಷ್ಟು ಭಾರ ಎಳೆಯುತ್ತದೆ, ಒಂದು ಬದಲಾವಣೆಯಿಂದ ಇನ್ನೊಂದರ ನಡುವೆ ಎಷ್ಟು ಆಯಿಲ್ ಕುಡಿಯುತ್ತದೆ.

ವಿದ್ಯಾನಗರದಿಂದ ಗೋಕುಲ ರಸ್ತೆಗೆ ಓಡಾಡುವ ಪೆಟ್ರೋಲ್ ಕಾರಿಗೆ 5ಡಬ್ಲ್ಯು-30 ಮತ್ತು 10ಡಬ್ಲ್ಯು-40 ಎರಡೂ ಒಪ್ಪಿತವಾಗಿದ್ದರೆ ಮೊದಲನೆಯದನ್ನೇ ಕೊಡುತ್ತೇನೆ. ಅದೇ ಕಾರು ಬಾಡಿಗೆಗೆ ಓಡುತ್ತಿದ್ದು, ನಾಲ್ಕು ಜನ, ಮೇಲೆ ಸಾಮಾನು, ವಾರಕ್ಕೆ ಎರಡು ಸಲ ಬೆಂಗಳೂರಿಗೆ ಹೋಗಿಬರುತ್ತಿದ್ದರೆ, ಒಂದೂವರೆ ಲಕ್ಷ ಕಿಲೋಮೀಟರೂ ದಾಟಿದ್ದರೆ, 10ಡಬ್ಲ್ಯು-40ರ ಕಡೆಗೆ ವಾಲುತ್ತೇನೆ. ಮೊದಲ ಅಂಕಿಯಲ್ಲಿ ಮಾತ್ರ ವ್ಯತ್ಯಾಸವಿದ್ದು ಎರಡನೆಯದು ಒಂದೇ ಆಗಿರುವಾಗ, ಉದಾಹರಣೆಗೆ 5ಡಬ್ಲ್ಯು-40 ಮತ್ತು 15ಡಬ್ಲ್ಯು-40, ನಿರ್ಧಾರ ದುಡ್ಡಿನದು: ಮೊದಲನೆಯದು ಬಹುಪಾಲು ಸಿಂಥೆಟಿಕ್, ಬೆಲೆ ಹೆಚ್ಚು, ಬೆಳಗಿನ ಸ್ಟಾರ್ಟಿಗೆ ಒಳ್ಳೆಯದು, ಬಿಸಿಯಾದ ಮೇಲೆ ಎರಡರ ದಪ್ಪವೂ ಹೆಚ್ಚುಕಡಿಮೆ ಒಂದೇ. ಬೆಳಗ್ಗೆ ಒಮ್ಮೆ ಸ್ಟಾರ್ಟ್ ಆಗಿ ಸಂಜೆಯವರೆಗೆ ನಿಲ್ಲದೆ ದುಡಿಯುವ ಟ್ರ್ಯಾಕ್ಟರಿಗೆ ಆ ಹೆಚ್ಚಿನ ದುಡ್ಡು ಕೊಡಬೇಕೆಂದು ನನಗೆ ಅನ್ನಿಸುವುದಿಲ್ಲ, ದಿನಕ್ಕೆ ಎಂಟು ಸಲ ನಿಂತು ಹೊರಡುವ ವೈದ್ಯರೊಬ್ಬರ ಕಾರಿಗೆ ಅನ್ನಿಸುತ್ತದೆ. ವಾರಂಟಿ ಮುಗಿಯದ ಗಾಡಿಯಲ್ಲಿ ಈ ಲೆಕ್ಕಾಚಾರಗಳೆಲ್ಲ ಬೇಡ, ಪುಸ್ತಕದಲ್ಲಿ ಮೊದಲು ಬರೆದ ಗ್ರೇಡನ್ನೇ ಹಾಕಿಸಿ ಬಿಲ್ ಇಟ್ಟುಕೊಳ್ಳಿ.

ಸವೆದ ಎಂಜಿನ್ನಿಗೆ

ಪಿಸ್ಟನ್ನಿನ ರಿಂಗು ಸವೆದು ನೀಲಿ ಹೊಗೆ ಬಿಡುವ ಗಾಡಿಗೆ ಒಂದು ಮೆಟ್ಟಿಲು ದಪ್ಪದ ಆಯಿಲ್ ಹಾಕಿದರೆ ಹೊಗೆ ಕಡಿಮೆಯಾಗುವುದು ನಿಜ, ಕೆಲವು ತಿಂಗಳು ಖರ್ಚು ಮುಂದೆ ಹೋಗುವುದೂ ನಿಜ. 30ರಿಂದ 40ಕ್ಕೆ, 40ರಿಂದ 50ಕ್ಕೆ, ಇಷ್ಟರವರೆಗೆ ನಾನೂ ಬೇಡವೆನ್ನುವುದಿಲ್ಲ. ಆದರೆ ಇದು ರಿಂಗನ್ನು ಸರಿಪಡಿಸುವುದಿಲ್ಲ, ಒಳಗಿನ ಸವೆತ ಮುಂದುವರಿಯುತ್ತಲೇ ಇರುತ್ತದೆ. ಈ ಗಾಡಿಗಳನ್ನು ಮಾರುವ ಮುನ್ನ ದಪ್ಪದ ಆಯಿಲ್ ತುಂಬುವ ರೂಢಿಯೂ ಉಂಟು. ಹಳೆಯ ಗಾಡಿ ಕೊಳ್ಳುವವರು ಬೆಳಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಿ, ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಎಳೆದು ತುದಿಯಿಂದ ಆಯಿಲ್ ಹೇಗೆ ತೊಟ್ಟಿಕ್ಕುತ್ತದೆ ಎಂದು ನೋಡಬೇಕು. ತೆಳು ಗ್ರೇಡಿನ ಎಂಜಿನ್ನಿನಲ್ಲಿ ಅದು ಕಾಕವಿಯಂತೆ ತುದಿಗೆ ಅಂಟಿಕೊಂಡು ನಿಂತಿದ್ದರೆ ಕಾರಣ ಕೇಳಿ.

ದಾರಿಯಲ್ಲಿ ಆಯಿಲ್ ಕಡಿಮೆಯಾದರೆ

ಗದಗಿಗೆ ಹೊರಟು ಅರ್ಧ ದಾರಿಯಲ್ಲಿ ಆಯಿಲ್‌ನ ಕೆಂಪು ದೀಪ ಹತ್ತಿದರೆ ಅಲ್ಲೇ ಎಂಜಿನ್ ಆರಿಸಬೇಕು. ಆ ದೀಪ ಹೇಳುವುದು ಒತ್ತಡ ಬಿದ್ದಿದೆ ಎಂದು, ಮುಂದಿನ ಎರಡು ಕಿಲೋಮೀಟರಿನಲ್ಲಿ ಬೇರಿಂಗು ಹೋಗಬಹುದು. ಸಮತಟ್ಟಾದ ಜಾಗದಲ್ಲಿ ಐದು-ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಒರೆಸಿ ಅದ್ದಿ ನೋಡಿ. ಆಯಿಲ್ ಕೆಳಗಿನ ಗೆರೆಗಿಂತ ಇಳಿದಿದ್ದು, ಹತ್ತಿರದ ಅಂಗಡಿಯಲ್ಲಿ ನಿಮ್ಮ ಗ್ರೇಡು ಇಲ್ಲದಿದ್ದರೆ, ಸಿಕ್ಕಿದ ಎಂಜಿನ್ ಆಯಿಲ್‌ನಲ್ಲಿ ಅದಕ್ಕೆ ಹತ್ತಿರದ್ದನ್ನು ಹಾಕಿ. 5ಡಬ್ಲ್ಯು-30 ಇದ್ದಲ್ಲಿ ಅರ್ಧ ಲೀಟರ್ 10ಡಬ್ಲ್ಯು-30 ಅಥವಾ 15ಡಬ್ಲ್ಯು-40 ಬೆರೆತರೆ ಎಂಜಿನ್ ಕೆಡುವುದಿಲ್ಲ, ಮಿನರಲ್ (ಕಚ್ಚಾ ತೈಲದಿಂದ ಶುದ್ಧೀಕರಿಸಿದ) ಮತ್ತು ಸಿಂಥೆಟಿಕ್ ಒಂದಕ್ಕೊಂದು ಬೆರೆತರೆ ಒಡೆಯುವುದೂ ಇಲ್ಲ. ಕಡಿಮೆ ಆಯಿಲ್‌ನಲ್ಲಿ ಓಡಿಸುವುದು ಬೇರೆ ಗ್ರೇಡು ಬೆರೆಸುವುದಕ್ಕಿಂತ ಎಷ್ಟೋ ಕೆಟ್ಟದ್ದು. ಮೇಲಿನ ಗೆರೆ ದಾಟಿಸಬೇಡಿ. ಹಾಕಿದ ಮೇಲೂ ದೀಪ ಆರದಿದ್ದರೆ ಗಾಡಿಯನ್ನು ಎಳೆಸಿಕೊಂಡೇ ತನ್ನಿ. ಆರಿದರೆ ನಿಧಾನವಾಗಿ ಊರು ಸೇರಿ, ಸೋರಿಕೆ ಎಲ್ಲಿದೆ ಎಂದು ತೋರಿಸಿ, ಬೆರೆತ ಆಯಿಲ್ ಅನ್ನು ಪೂರ್ತಿ ಇಳಿಸಿ ಪುಸ್ತಕದ ಗ್ರೇಡನ್ನು ಹಾಕಿಸಿ.